ಮತಪತ್ರದಲ್ಲಿ ಇಬ್ಬರು ಬ್ರೂನಿಂಗ್

ಮಾರ್ಚ್ 14, ಶನಿವಾರ

ಇವತ್ತು ಮತ ಕೇಳಲು ಮೂವತ್ತೊಂದು ಮನೆ. ತೆರೆದದ್ದು ಆರು ಬಾಗಿಲು. ಮಂಡಿ ನೋವು. ನನ್ನ ಹೆಸರು ಬ್ರೂನಿಂಗ್ ಅಂದ ಕೂಡಲೇ ಜನರ ಮುಖ ಅರಳುತ್ತದೆ.

“ಲೈಲ್‌ಗೇ ಹಾಕೋದು ಬಿಡಿ. ಪ್ರತಿ ಸಲ ಹಾಕ್ತೀವಲ್ಲ!”

“ನಾನು ಲೈಲ್ ಎದುರು ನಿಂತಿದ್ದೀನಿ.”

“ಅಯ್ಯೋ... ಮೈದುನನ ಎದುರಾ?”

ಬಾಗಿಲು ಮೆಲ್ಲಗೆ ಮುಚ್ಚುತ್ತದೆ.

ಜೂನ್ ಎರಡಕ್ಕೆ ನಮ್ಮ ಪಕ್ಷದಲ್ಲಿ ಹೆಸರು ನೋಂದಾಯಿಸಿದ ಮತದಾರರು ಮತ ಹಾಕಿ ನಮ್ಮಿಬ್ಬರಲ್ಲಿ ಒಬ್ಬರನ್ನು ಅಭ್ಯರ್ಥಿಯಾಗಿ ಆರಿಸಬೇಕು. ಗೆದ್ದವರಿಗೆ ನವೆಂಬರ್ ಚುನಾವಣೆ. ಹನ್ನೆರಡು ವರ್ಷದಿಂದ ಶಾಸನಸಭೆಯಲ್ಲಿ ಲೈಲ್‌ನದೇ ಸೀಟು. ನಮ್ಮೂರಿನ ವೃದ್ಧಾಶ್ರಮಕ್ಕೆ ಸರ್ಕಾರದ ನೆರವು ನಿಲ್ಲಿಸಲು ಕೈ ಎತ್ತಿದವನೂ ಅವನೇ. ಆಶ್ರಮ ಮುಚ್ಚಿತು. ಲಕ್ವ ಹೊಡೆದಿದ್ದ ನನ್ನ ಗಂಡ ವೆಂಡೆಲ್‌ನನ್ನು ತೊಂಬತ್ತೆರಡು ಮೈಲಿ ದೂರ ಸಾಗಿಸಿದರು. ಹೋದ ವರ್ಷ ಜನವರಿಯಲ್ಲಿ ಅಲ್ಲೇ ತೀರಿಕೊಂಡ. ಹಿಮ ಬಿದ್ದು ಹೆದ್ದಾರಿ ಮುಚ್ಚಿತ್ತು. ನಾನು ಇಲ್ಲೇ, ಕೋಟು ಹಾಕಿಕೊಂಡು ಕೂತೇ ಇದ್ದೆ.

ಏಪ್ರಿಲ್ 5, ಈಸ್ಟರ್

ನಿನ್ನೆ ಲೈಲ್‌ನ ಹೆಂಡತಿ ಕಾರ್ಲೀನ್ ಫೋನ್ ಮಾಡಿದ್ದಳು. “ಈ ಸಲ ನೀವು ಈಸ್ಟರ್ ಊಟಕ್ಕೆ ಬರದಿದ್ರೇ ಒಳ್ಳೇದು ಅಕ್ಕಾ. ಮೊಮ್ಮಕ್ಕಳ ಎದುರು ಯಾಕೆ...”

“ಸರಿ” ಅಂದೆ. ನಲವತ್ತೊಂದು ವರ್ಷದಲ್ಲಿ ಮೊದಲ ಸಲ ಆ ಊಟ ತಪ್ಪಿತು. ಚರ್ಚಿನಲ್ಲಿ ನನ್ನ ಬೆಂಚಿನಲ್ಲಿ ನಾನೊಬ್ಬಳೇ. ಮಧ್ಯಾಹ್ನ ನಿಂತುಕೊಂಡೇ ಬ್ರೆಡ್ ತಿಂದೆ.

ಏಪ್ರಿಲ್ 23, ಗುರುವಾರ

ಮಿಲ್ ರಸ್ತೆಯ ಮುದುಕ ಕೊಲಾರಿಕ್ ಒಳಗೆ ಕರೆದ. ಕಾಫಿ ಕೊಟ್ಟ. ಗಸಗಸೆ ತುಂಬಿದ ಬನ್ನು ಕೊಟ್ಟ. ಹೇಳಿದ್ದಕ್ಕೆಲ್ಲ ತಲೆ ಆಡಿಸಿದ. ಎರಡನೇ ಕಪ್ ಮುಗಿದ ಮೇಲೆ —

“ಅಂದ ಹಾಗೆ ತಾಯಿ, ನಾನು ಎದುರು ಪಕ್ಷದವನು. ನಿಮ್ಮ ಪಕ್ಷದ ಚುನಾವಣೇಲಿ ನನಗೆ ಓಟೇ ಇಲ್ಲ.”

“ಮೊದಲೇ ಹೇಳೋದಲ್ವಾ!”

“ಹೇಳಿದ್ರೆ ಕೂತಿರ್ತಿದ್ರಾ?”

ನಕ್ಕುಬಿಟ್ಟೆ. ಎಷ್ಟು ದಿನವಾಗಿತ್ತು... ಮೂರನೇ ಕಪ್ಪನ್ನೂ ಕುಡಿದೆ.

ಮೇ 9, ಶನಿವಾರ

ಲೈಬ್ರರಿಯಲ್ಲಿ ನಮ್ಮಿಬ್ಬರ ಚುನಾವಣಾ ಚರ್ಚೆ. ಅರವತ್ತು ಜನ ಇದ್ದರು. ಲೈಲ್ ಎದ್ದು, “ಅತ್ತಿಗೆ ದುಃಖದಲ್ಲಿದ್ದಾರೆ. ಅವರಿಗಾಗಿ ದಿನಾ ಪ್ರಾರ್ಥಿಸ್ತೀನಿ” ಅಂದ.

ಮೈ ಉರಿಯಿತು. “ಹೌದು, ದುಃಖದಲ್ಲಿದ್ದೀನಿ. ನಿನ್ನ ಅಣ್ಣ ತೊಂಬತ್ತೆರಡು ಮೈಲಿ ಆಚೆ, ಒಂದು ಕೈ ಹಿಡಿಯೋರಿಲ್ಲದೆ ಸತ್ತ. ನಿನ್ನ ಒಂದು ಓಟಿನಿಂದ.”

ಯಾರೂ ಚಪ್ಪಾಳೆ ತಟ್ಟಲಿಲ್ಲ. ಲೈಲ್ ಏನೋ ಹೇಳಹೋಗಿ, ಕಾಗದ ಮಡಿಸಿಕೊಂಡು ಕೂತ.

ಹೊರಗೆ ನನ್ನ ಕಾರಿನ ಹತ್ತಿರ ಬಂದ. “ಅತ್ತಿಗೆ, ಹಿಂದಿನ ಟೈರಲ್ಲಿ ಗಾಳಿ ಕಮ್ಮಿ ಇದೆ. ತುಂಬಿಸ್ಕೊಂಡು ಹೋಗಿ.” ಅಷ್ಟೇ.

ಜೂನ್ 2, ಮಂಗಳವಾರ

ಮತ ಹಾಕಿ ಬಂದೆ. ಬ್ರೂನಿಂಗ್, ಬ್ರೂನಿಂಗ್. ಒಂದರ ಕೆಳಗೆ ಒಂದು. ನನ್ನ ಹೆಸರಿನ ಪಕ್ಕದ ಖಾಲಿ ಸುತ್ತನ್ನು ಪೆನ್ನಿನಿಂದ ತುಂಬಿದೆ.

ಜೂನ್ 3, ಬುಧವಾರ. ಬೆಳಿಗ್ಗೆ

ಗೆದ್ದೆ. ಮೂವತ್ತೆಂಟು ಮತಗಳ ಅಂತರ. ಪ್ರಚಾರದಲ್ಲಿ ಜೊತೆಗಿದ್ದ ಹನ್ನೆರಡು ಜನ ರಾತ್ರಿ ಕೇಕ್ ತಿಂದು ಮನೆಗೆ ಹೋದರು. ನನ್ನ ಮನೆಯಲ್ಲಿ ಹೇಳಿಕೊಳ್ಳಲು ಯಾರೂ ಇರಲಿಲ್ಲ. ಕನ್ನಡಿ ನೋಡಿ “ಗೆದ್ದೆ” ಅಂದೆ. ನಾಚಿಕೆಯಾಯಿತು.

ಏಳೂವರೆಗೆ ಲೈಲ್ ಬಂದ. ಫೋನಿನಲ್ಲಿ ಅಭಿನಂದಿಸಿದರೆ ಸಾಕಿತ್ತು. ಅಡುಗೆಮನೆಯಲ್ಲಿ ನಿಂತೇ ಹೇಳಿದ —

“ಅಣ್ಣ ಹೋಗುವಾಗ ನಾನು ಅಲ್ಲಿದ್ದೆ ಅತ್ತಿಗೆ. ಹಿಂದಿನ ದಿನಾನೇ ಹೋಗಿದ್ದೆ. ಹಿಮ ಶುರುವಾಗಿ ಅಲ್ಲೇ ಸಿಕ್ಕಿಹಾಕ್ಕೊಂಡೆ. ಯಾರಿಗೂ ಹೇಳ್ಬೇಡಿ ಅಂತ ನರ್ಸಿಗೆ ನಾನೇ ಅಂದಿದ್ದು. ಆಶ್ರಮ ಮುಚ್ಚಿಸಿದವನು ಯಾವ ಮುಖ ಇಟ್ಕೊಂಡು ಹೇಳ್ಲಿ?”

“ಲೈಬ್ರರಿಯಲ್ಲಾದರೂ ಹೇಳಬಹುದಿತ್ತಲ್ಲ? ನೀನೇ ಗೆಲ್ತಿದ್ದೆ.”

“ಅಣ್ಣನ ಸಾವು ಹೇಳಿ ಓಟು ಕೇಳೋಕೆ ಆಗ್ಲಿಲ್ಲ.”

ಚುಚ್ಚಬೇಕೆಂದು ಹೇಳಿದ್ದಲ್ಲ. ಅದೇ ಚುಚ್ಚಿತು.

“ಏನಾದ್ರೂ ಮಾತಾಡಿದ್ನಾ?”

“ಇಲ್ಲ. ನನ್ನ ಕೈ ಹಿಡ್ಕೊಂಡಿದ್ದ. ನಿಮ್ಮ ಕೈ ಅಂದ್ಕೊಂಡಿದ್ದ ಅನ್ಸುತ್ತೆ. ಬಿಡಿಸ್ಕೊಳ್ಳಲಿಲ್ಲ ನಾನು.”

ಕೂತ್ಕೋ ಅಂದೆ. ಕೂತ. ನಾನು ಕೋಣೆಗೆ ಬಂದು ಬಾಗಿಲು ಹಾಕಿಕೊಂಡು ಇದನ್ನು ಬರೆಯುತ್ತಿದ್ದೇನೆ. ಹೊರಗೆ ಹೋಗಬೇಕು. ಏನು ಹೇಳಲಿ... ಕರೆಯುತ್ತಿದ್ದಾನೆ. “ಅತ್ತಿಗೆ?” ಈಗ ಬಾಗಿಲ ಹತ್ತಿರವೇ —