ಕಾಡು ಸುಮ್ನೈತೆ

ಯಸಳೂರು
೨೩ ಮಾರ್ಚ್ ೨೦೨೫, ಭಾನುವಾರ

ಪ್ರೀತಿಯ ಪೂಜಿತಾ,

ಹೇಗಿದ್ದೀಯಾ? ನಿಮ್ಮ ಯಜಮಾನರು, ಮಗಳು ಎಲ್ಲರೂ ಸೌಖ್ಯ ತಾನೇ? ವಾಟ್ಸಾಪಿನಲ್ಲಿ ನೀನು ಸಾಲಾಗಿ ಕಳಿಸಿದ ಪ್ರಶ್ನೆಗಳೆಲ್ಲ ತಲುಪಿವೆ. ಇಷ್ಟು ದಿನ ತಲೆಮರೆಸಿಕೊಂಡಿದ್ದಕ್ಕೆ ಬೈದುಕೋ, ಆದರೆ ಕೈ ಬಿಡಬೇಡ. ಫೋನಿನಲ್ಲಿ ಮಾತಾಡಿದರೆ ಪಕ್ಕದ ಮನೆಯ ಸುಮಿತ್ರಮ್ಮನಿಗೆ ನಿನಗಿಂತ ಮೊದಲು ಸುದ್ದಿ ಮುಟ್ಟುತ್ತದೆ. ಅದಕ್ಕೇ ಹಾಸ್ಟೆಲ್ ದಿನಗಳ ಹಾಗೆ ಕಾಗದ ಹಿಡಿದು ಕೂತಿದ್ದೇನೆ.

ಬ್ಲಾಗ್ ಯಾಕೆ ಖಾಲಿ ಬಿದ್ದಿದೆ ಎಂದು ಕೇಳಿದ್ದೀಯ. ಅದಕ್ಕೆ 'ಹಿತ್ತಲ ಬಾಗಿಲು' ಎಂದು ಹೆಸರಿಟ್ಟವಳು ನೀನೇ. ಈಗ ನೋಡು, ಆ ಬಾಗಿಲಿಗೆ ಜೇಡ ಬಲೆ ಕಟ್ಟಿದೆ. ನೀನು ಹೇಳಿದಂತೆ ಅಕ್ಕಿರೊಟ್ಟಿಯ ಬಗ್ಗೆ ಬರೆಯಲು ಹೊರಟೆ. ಮೊದಲ ಸಾಲಿನಲ್ಲೇ ರೊಟ್ಟಿ ಬುತ್ತಿಯಾಗಿ ಇವರ ಚೀಲ ಸೇರಿತು, ಎರಡನೆಯ ಸಾಲಿನಲ್ಲಿ ಇವರು ಕಾಡು ಸೇರಿದರು, ಅಲ್ಲಿಗೆ ನನ್ನ ಕೈ ನಿಂತಿತು. ಕಾಫಿ ಹೂವಿನ ಬಗ್ಗೆಯಾದರೂ ಬರೆಯೋಣವೆಂದುಕೊಂಡೆ. ಮೊನ್ನೆಯ ಮಳೆಗೆ ತೋಟವೆಲ್ಲ ಬೆಳ್ಳಗೆ ಅರಳಿದೆ, ಪರಿಮಳಕ್ಕೆ ತಲೆ ತಿರುಗುತ್ತದೆ. ಆದರೆ ಆ ಗಿಡಗಳ ಸಂದಿಯಲ್ಲಿ ಏನು ನಿಂತಿದೆಯೋ ಎಂಬ ಯೋಚನೆ ಬಂದದ್ದೇ, ಬರೆಯುವುದನ್ನು ಅಲ್ಲಿಗೇ ಬಿಟ್ಟು ಎದ್ದುಬಿಟ್ಟೆ.

ಇವರು ಆನೆ ಕಾವಲಿನ ಪಡೆಗೆ ಸೇರಿದ್ದು ನಿನಗೆ ಗೊತ್ತು. ಬೆಳಕು ಹರಿಯುತ್ತಲೇ ಲಕ್ಕಯ್ಯನೂ ಇವರೂ ಹಿಂಡಿನ ಜಾಡು ಹಿಡಿದು ಹೊರಡುತ್ತಾರೆ. ಲಕ್ಕಯ್ಯ ಮುಂದೆ ನಡೆದು ಲದ್ದಿ, ಹೆಜ್ಜೆ ನೋಡುತ್ತಾನೆ. ಇವರು ಹಿಂದೆ ನಿಂತು ಕಿವಿಗೊಡುತ್ತಾರೆ. ಕಾಫಿ ಗಿಡಗಳ ಮರೆಯಲ್ಲಿ ಹತ್ತು ಮಾರು ದೂರದ ಆನೆಯೂ ಕಣ್ಣಿಗೆ ಬೀಳುವುದಿಲ್ಲ. ಕಿವಿ ಬೀಸುವ ಸದ್ದೋ ಕೊಂಬೆ ಮುರಿಯುವ ಸದ್ದೋ ಕೇಳಿದರೆ ಮಾತ್ರ ಗೊತ್ತಾಗುವುದು. ಆಮೇಲೆ ಆನೆ ಇಂಥ ತೋಟದಲ್ಲಿದೆ, ಯಾರೂ ಓಡಾಡಬೇಡಿ ಎಂದು ಊರಿನ ಗುಂಪಿಗೆ ವಾಟ್ಸಾಪ್ ಮಾಡುತ್ತಾರೆ. ಊರಿಗೆ ಅದು ಎಚ್ಚರಿಕೆ. ನನಗೆ ಮಾತ್ರ ಇವರು ಇನ್ನೂ ಇದ್ದಾರೆ ಎಂಬ ಸಮಾಚಾರ.

ಬ್ಲಾಗಿನಲ್ಲಿ ನೀನು ಮೆಚ್ಚಿದ್ದೆಲ್ಲ ಇವರು ಸಂಜೆ ಕಾಲು ತೊಳೆದು ಕೂತು ಹೇಳುತ್ತಿದ್ದ ಸದ್ದುಗಳೇ. ಮರಿಯಾನೆಯ ಗೊರಕೆ, ಮುದಿ ಹೆಣ್ಣಾನೆಯ ಹೊಟ್ಟೆಯ ಗುಡುಗು. ನಾನು ಒಗ್ಗರಣೆ ಹಾಕಿದವಳು ಅಷ್ಟೆ. ದೀಪಾವಳಿ ಕಳೆದ ಮೇಲೆ ಇವರು ಯಾವ ಸದ್ದನ್ನೂ ಮನೆಗೆ ತಂದಿಲ್ಲ. ಕೇಳಿದರೆ ಒಂದೇ ಮಾತು: "ಏನಿಲ್ಲ ಕಣೆ, ಕಾಡು ಸುಮ್ನೈತೆ." ನನ್ನ ಮೇಲೇನಾದರೂ ಮುನಿಸೋ ಎಂದುಕೊಂಡು, ಮೂರು ದಿನ ಬಿಡದೆ ಮಳೆಗಾಲದಲ್ಲಿ ಉಪ್ಪು ಹಾಕಿಟ್ಟಿದ್ದ ಕಳಲೆ ತೆಗೆದು ಇವರಿಗಿಷ್ಟದ ಪಲ್ಯ ಮಾಡಿ ಹಾಕಿದೆ. ಪಲ್ಯ ಖಾಲಿಯಾಯಿತು, ಮಾತು ಬರಲಿಲ್ಲ.

ಹೋದ ವಾರ ಲಕ್ಕಯ್ಯ ಮೈಯೆಲ್ಲ ಮುಳ್ಳು ಗೀರಿಸಿಕೊಂಡು ನಮ್ಮ ಜಗಲಿಗೆ ಬಂದು ಕುಸಿದ. ಒಂಟಿಸಲಗ ಇವರ ಬೆನ್ನ ಹಿಂದೆಯೇ ಗಿಡ ಮುರಿದುಕೊಂಡು ಬಂತಂತೆ. "ನಾನು ಓಡ್ಬುಟ್ಟೆ ಕಣಕ್ಕ. ಅಣ್ಣ ಅಲ್ಲಾಡ್ಲೇ ಇಲ್ಲ. ಅದೇ ಅಣ್ಣನ್ನ ನೋಡಿ ವಾಪಸ್ ಹೋಗ್ಬುಡ್ತು," ಎಂದು ಕೈ ಮುಗಿದ. ಸಂಜೆಯೊಳಗೆ ಊರೆಲ್ಲ ಇವರ ಎದೆಗಾರಿಕೆಯದೇ ಮಾತು. ಅಂಗಡಿ ಏಕಾಂತಯ್ಯನವರಂತೂ, ನಿನ್ನ ಗಂಡ ಮೃತ್ಯುಂಜಯನ ಧೈರ್ಯದ ಮೇಲೆ ಬ್ಲಾಗ್ ಬರೆಯಮ್ಮ, ನಾನೇ ಎಲ್ಲರಿಗೂ ಕಳಿಸುತ್ತೇನೆ ಎಂದು ಹಟ ಹಿಡಿದಿದ್ದಾರೆ. ಹೋದಾಗಲೆಲ್ಲ ಬರೆದೆಯಾ ಎನ್ನುತ್ತಾರೆ. ಅವರ ಅಂಗಡಿಗೆ ಹೋಗುವುದನ್ನೇ ಬಿಟ್ಟಿದ್ದೇನೆ.

ಇನ್ನೊಂದು ವಿಷಯ. ತೋಟದಂಚಿನ ನಮ್ಮ ಲೈನ್ ಮನೆಗಳ ಸಾಲಿನಲ್ಲಿ ಸಂಜೆ ಯಾರೂ ಸದ್ದಿಲ್ಲದೆ ಮನೆಗೆ ಬರುವಂತಿಲ್ಲ. ತೋಟದ ತಿರುವಿನಲ್ಲಿ ನಿಂತು 'ಕೂ' ಹಾಕಬೇಕು. ದಾರಿ ಸರಿಯಿದ್ದರೆ ಮನೆಯವರೂ 'ಕೂ' ಎನ್ನುತ್ತಾರೆ. ಆನೆ ಇದ್ದರೆ ತಟ್ಟೆ ಬಡಿಯುತ್ತಾರೆ, ಬಂದವರು ಅಲ್ಲೇ ನಿಲ್ಲಬೇಕು. ಮೊದಲೆಲ್ಲ ಇವರದು ಒಂದು ಕೂಗು, ನನ್ನದು ಒಂದು ಕೂಗು, ಅಷ್ಟಕ್ಕೆ ಕಾಫಿಗೆ ನೀರಿಡುತ್ತಿದ್ದೆ. ಈಗ ನಾನು ಓಗೊಟ್ಟ ಮೇಲೂ ಬಾಗಿಲ ತನಕ ಕೂಗುತ್ತಲೇ ಬರುತ್ತಾರೆ. ಸುಮಿತ್ರಮ್ಮ ನಗುತ್ತಾಳೆ, ಹೊಸ ಮದುವಣಿಗನಿಗೂ ಇಷ್ಟು ಆತುರ ಇರಲ್ಲ ಎಂದು. ನಾನೂ ನಕ್ಕಿದ್ದೆ.

ಅತ್ತೆ ಭದ್ರಮ್ಮನವರು ಗಟ್ಟಿಯಾಗಿದ್ದಾರೆ. ನಿನ್ನ ಮಗಳಿಗೆ ಆಶೀರ್ವಾದ ಹೇಳಲು ಹೇಳಿದರು. ಅವಳಿಗೆ ಪರೀಕ್ಷೆಯಲ್ಲಿ ಒಳ್ಳೆಯದಾಗಲಿ, ನಿನ್ನ ಮನೆ ತಣ್ಣಗಿರಲಿ. ಬ್ಲಾಗಿನ ಆಸೆ ಸದ್ಯಕ್ಕೆ ಬಿಡು.

ನಿನ್ನ,
ಶೀಲಾ

ತಾ.ಕ.: ಅಂಟಿಸಿದ ಲಕೋಟೆ ಬಿಚ್ಚಿ ಬರೆಯುತ್ತಿದ್ದೇನೆ. ಹೇಳದೆ ಇರಲು ಆಗುತ್ತಿಲ್ಲ.

ಗುರುವಾರ ಸಂಜೆ ಆ ಸಲಗ ನಮ್ಮ ಹಲಸಿನ ಮರದ ಕೆಳಗೇ ನಿಂತಿತ್ತು. ತಿರುವಿನಲ್ಲಿ ಇವರ ಕೂಗು ಕೇಳಿತು. ನಾನು ತಟ್ಟೆ ಬಡಿದೆ, ಅತ್ತೆ ತಪ್ಪಲೆ ಬಡಿದರು. ಇವರು ನಿಲ್ಲಲಿಲ್ಲ. ಕೂಗುತ್ತಾ, ಚೀಲ ಬೀಸುತ್ತಾ, ಮರದ ಪಕ್ಕದಲ್ಲೇ ನಡೆದು ಬಂದರು. ಸಲಗ ಸೊಂಡಿಲೆತ್ತಿತು, ಯಾಕೋ ಹಾಗೇ ಇಳಿಸಿತು. ಅತ್ತೆ ಶಿವ ಕಾಪಾಡಿದ ಎಂದು ವಿಭೂತಿ ತರಲು ಒಳಗೆ ಓಡಿದರು. ಇವರು ನನ್ನ ಕೈ ನೋಡಿ, "ತಟ್ಟೆ ಹಿಡ್ಕೊಂಡು ಯಾಕೆ ನಿಂತಿದೀಯೆ? ಊಟಕ್ಕೆ ಇನ್ನೂ ಹೊತ್ತೈತೆ" ಅಂದರು.

ಇವರಿಗೆ ಕಿವಿ ಕೇಳುತ್ತಿಲ್ಲ, ಪೂಜಿ. ದೀಪಾವಳಿಯ ಹೊತ್ತಿಗೆ ಆನೆ ಅಟ್ಟುವಾಗ ಪಟಾಕಿ ಕಿವಿಯ ಬುಡದಲ್ಲೇ ಸಿಡಿದಿತ್ತಂತೆ. ಎದುರು ನಿಂತರೆ ತುಟಿ ನೋಡಿ ಉತ್ತರ ಕೊಡುತ್ತಾರೆ, ಅದಕ್ಕೇ ನನಗೂ ತಿಳಿಯಲಿಲ್ಲ. ಅವತ್ತು ಕಾಡಿನಲ್ಲಿ ಅಲ್ಲಾಡದೆ ನಿಂತದ್ದು ಧೈರ್ಯದಿಂದಲ್ಲ. ಬೆನ್ನ ಹಿಂದೆ ಆನೆ ಬಂದದ್ದೇ ಇವರಿಗೆ ಗೊತ್ತಿರಲಿಲ್ಲ. "ಯಾರ್ಗೂ ಹೇಳ್ಬೇಡ ಕಣೆ. ಈ ಕೆಲ್ಸ ಹೋದ್ರೆ ನಾನ್ಯಾರು ಹೇಳು?" ಎಂದು ನನ್ನ ಕೈ ಹಿಡಿದುಕೊಂಡು ಅತ್ತರು. ಹದಿನೆಂಟು ವರ್ಷದಲ್ಲಿ ಇವರು ಅತ್ತದ್ದನ್ನು ನಾನು ನೋಡಿರಲಿಲ್ಲ.

ಆದರೆ ಈ ಕಿವಿಯನ್ನೇ ನಂಬಿ ಲಕ್ಕಯ್ಯ ಮುಂದೆ ನಡೆಯುತ್ತಾನೆ. ನಾಳೆ ಬೆಳಗ್ಗೆ ಅವನು ಕರೆಯಲು ಬಂದಾಗ ಹೇಳಿಬಿಡುತ್ತೇನೆ. ಇವರು ಜನ್ಮವಿಡೀ ಮಾತು ಬಿಟ್ಟರೂ ಬಿಡಲಿ. ನನಗೆ ತುಂಬ ಹೆದರಿಕೆಯಾಗುತ್ತಿದೆ, ಎರಡು ದಿನದ ಮಟ್ಟಿಗಾದರೂ ಬಾ.

ಇದೀಗ ತಿರುವಿನಲ್ಲಿ ಇವರು ಕೂಗಿದರು. ನಾನು ಓಗೊಟ್ಟೆ. ಮತ್ತೆ ಕೂಗುತ್ತಿದ್ದಾರೆ.