ಶಾಕ್ ಹೊಡೆಯದ ನೆಲಹಾಸು

ಗೆಳೆಯ ದೇವಿಂದ್ರ,

ಅಂಚೆ ಇಲಾಖೆಗೆ ತೊಂದರೆ ಕೊಡುವ ಉದ್ದೇಶವಿಲ್ಲದ ಈ ಪತ್ರದಲ್ಲಿ ಒಂದು ಘನವಾದ ವರದಿಯಿದೆ. ನಾವಿಬ್ಬರೂ ಮೂರು ವರ್ಷ ಕಾಯಿಸಿ ಕಲಸಿದ ಪ್ಲಾಸ್ಟಿಕ್ ನೆಲಹಾಸನ್ನು ಇವತ್ತು ಶಹಾಪುರದ ಹತ್ತಿ ಮಿಲ್ಲಿನಲ್ಲಿ ಹಾಸಿದೆ. ಮೈಗೆ ಹತ್ತುವ ಕರೆಂಟನ್ನು ನೆಲಕ್ಕಿಳಿಸುವ ಕಾರ್ಬನ್ ಪುಡಿ ನೀನು ಹೇಳಿದ ಅಳತೆಯಲ್ಲೇ ಬಿದ್ದಿದೆ. ಆ ಅಳತೆ ಕೇಳಿ ನಾನು ಎಲ್ಲರ ಮುಂದೆ, "ಕಾಡಿಗಿ ಮಾಡಾಕತ್ತೀಯೇನಲೇ?" ಎಂದು ನಕ್ಕಿದ್ದೆ. ನೀನು ಪುಡಿಯ ಡಬ್ಬಿ ಕೆಳಗಿಟ್ಟು ಹುಣಸಗಿ ಬಸ್ಸು ಹತ್ತಿದವನು ಮತ್ತೆ ಬರಲಿಲ್ಲ.

ಯಂತ್ರ ಮುಟ್ಟಿದಾಗಲೆಲ್ಲ ಶಾಕ್ ಹೊಡೆಸಿಕೊಂಡು ಮಿಲ್ಲಿಗೇ ಶಾಪ ಹಾಕುವ ಅಂಬ್ರಪ್ಪ, ಹಾಸಿನ ಮೇಲೆ ಚಪ್ಪಲಿ ಉಜ್ಜುತ್ತ ನಾಲ್ಕು ಸುತ್ತು ಹಾಕಿ, ಕಣ್ಣು ಮುಚ್ಚಿ ಕಬ್ಬಿಣಕ್ಕೆ ಬೆರಳಿಟ್ಟ.

"ಹೊಡಿಲೇ ಇಲ್ಲಲ್ರಿ ಸರ! ಯಾರ್ ಮಾಡ್ಯಾರ್ರಿ ಇದನ್ನ?"

"ನಾವಿಬ್ರು."

"ಇನ್ನೊಬ್ರು ಎಲ್ಲದಾರ್ರಿ?"

"ಚಾ ಕುಡಿಯಾಕ ಹೋಗ್ಯಾನ," ಎಂದುಬಿಟ್ಟೆ.

"ಬರ್ಲಿ ತಗೋರಿ. ಅವರ ಕೈ ಹಿಡದು ಒಂದ್ ಮಾತ್ ಹೇಳೇ ಹೋಗ್ತೀನಿ."

ಹಾಗೆಂದು ಅಂಬ್ರಪ್ಪ ಅಲ್ಲೇ ಕೂತ. ಪಾಳಿ ಮುಗಿದರೂ ಏಳಲಿಲ್ಲ. ಸುಳ್ಳು ಹೇಳಿದವನು ನಾನೇ ಆದರೂ, ಅವನ ಪಕ್ಕ ಕೂತು ಬಹಳ ಹೊತ್ತು ಗೇಟಿನ ಕಡೆಗೇ ನೋಡುತ್ತಿದ್ದೆ.