ಅಕ್ಕುವಿಗೆ ಎದ್ದು ನಿಂತವರು

ಮಣ್ಣಗುಡ್ಡ, ಮಂಗಳೂರು
14 ಡಿಸೆಂಬರ್ 2024

ಪ್ರೀತಿಯ ಮಗಳು ಗ್ಲೆನಿಟಾಳಿಗೆ,

ನಿನಗೂ ಅಳಿಯ ಮರ್ವಿನ್‌ಗೂ ಡ್ಯಾಡಿಯ ಆಶೀರ್ವಾದ. ನಿನ್ನ ವಾಯ್ಸ್ ಮೆಸೇಜ್ ಬಂದು ಎರಡು ಭಾನುವಾರ ಕಳೆಯಿತು, ನಾನು ಉತ್ತರ ಕೊಡಲಿಲ್ಲ. ಸಿಟ್ಟು ಅಂತ ತಿಳಿಯಬೇಡ. ಫೋನಿನಲ್ಲಿ ನನ್ನ ಸ್ವರ ತನ್ನಷ್ಟಕ್ಕೇ ಏರುತ್ತದೆ, ನೀನು "ಡ್ಯಾಡಿ, ಮೆಲ್ಲ" ಅಂತೀ. ಅದಕ್ಕೇ ಈ ಕಾಗದ. ಪಕ್ಕದ ಮನೆ ರೂಬನ್ ಗುರುವಾರ ನಿಮ್ಮ ದುಬೈಗೆ ವಾಪಸ್ ಹೋಗ್ತಾನೆ, ಕ್ರಿಸ್ಮಸ್ ಕುಸ್ವಾರ್ ತಿಂಡಿಯ ಡಬ್ಬದ ಜೊತೆ ಇದನ್ನೂ ಕೊಡ್ತೇನೆ. ಚಕ್ಕುಲಿ ಈ ಸಲ ಸ್ವಲ್ಪ ಗಟ್ಟಿ, ಹಲ್ಲು ಜಾಗ್ರತೆ.

ಬೆಂಗ್ರೆ ಶಾಲೆಯ ಕ್ಲಾಸ್ ಬಿಟ್ಟುಬಿಡಿ, ಸ್ಕೂಲ್ ಡೇ ವೀಡಿಯೋ ನೋಡಿ ಇಲ್ಲಿ ದುಬೈಯಲ್ಲೂ ಎಲ್ಲರೂ ನಗ್ತಿದ್ದಾರೆ ಅಂದಿಯಲ್ಲ. ವೀಡಿಯೋದಲ್ಲಿ ಇಲ್ಲದ್ದನ್ನು ಹೇಳ್ತೇನೆ, ಕೇಳು.

ಮಕ್ಕಳಿಗೆ ಭಾಷಣ ಕಲಿಸಿ ಅಂತ ಹೆಡ್‌ಮಿಸ್ ಶಬ್ನಮ್ ಟೀಚರ್ ಕರೆದಾಗ ನಾನೇ ಹೇಳಿದ್ದೆ, "ಟೀಚರೇ, ನಾನು ಏಳನೇ ಕ್ಲಾಸು. ನಮ್ಮವರ ಮದುವೆಗಳಲ್ಲಿ ಮೈಕ್ ಹಿಡಿದು, ಮದುಮಕ್ಕಳಿಗೆ ಶುಭ ಕೋರಿ ಗ್ಲಾಸ್ ಎತ್ತಿಸುವ ಟೋಸ್ಟ್ ಹೇಳಿ ಹೇಳಿ ಕಲಿತದ್ದಷ್ಟೇ." "ಅದೇ ಸಾಕು ಸರ್, ನಮ್ಮ ಮಕ್ಕಳು ಮೈಕ್ ಕಂಡರೆ ಓಡ್ತಾರೆ" ಅಂದರು. ಓಡುವುದು ಸುಳ್ಳಲ್ಲ. ಓಡದವರು 'ವೇದಿಕೆಯ ಮೇಲೆ ಆಸೀನರಾಗಿರುವ' ಅಂತ ಸೀಲಿಂಗ್ ನೋಡಿಕೊಂಡು ಒಂದೇ ಉಸಿರಿಗೆ ಒದರಿ ಕೂತುಬಿಡುವುದು. ನನಗೆ ಗೊತ್ತಿದ್ದ ಕ್ರಮವನ್ನೇ ಹೇಳಿಕೊಟ್ಟೆ. ಒಬ್ಬರ ಬಗ್ಗೆ ಮಾತಾಡು. ಹಾಲ್‌ನಲ್ಲಿ ಯಾರಿಗೂ ಗೊತ್ತಿಲ್ಲದ ಒಂದು ನಿಜ ಹೇಳು. ಬಿರಿಯಾನಿ ತಣಿಯುವ ಮೊದಲು ಮುಗಿಸು. ಕೊನೆಗೆ ಎಲ್ಲರನ್ನೂ ಎಬ್ಬಿಸಿ ನಿಲ್ಲಿಸು. ವೈನ್ ಗ್ಲಾಸಿನ ಬದಲು ನೀರಿನ ಬಾಟಲಿ ಎತ್ತಿ ಅಭ್ಯಾಸ ಮಾಡ್ತಿದ್ದೆವು. ಸ್ಕೂಲ್ ಡೇಯಲ್ಲಿ ಅದು ಬೇಡ ಅಂತ ಹೇಳಲಿಕ್ಕೆ ನನಗೆ ಹೊಳೆಯಲೇ ಇಲ್ಲ. ಟೋಸ್ಟ್ ಇಲ್ಲದೆ ಮಾತು ಮುಗಿಸಿ ನನಗೇ ಗೊತ್ತಿಲ್ಲವಲ್ಲ!

ಸ್ಕೂಲ್ ಡೇ ದಿನ ಆರನೇ ಕ್ಲಾಸಿನ ಮೋಕ್ಷಾ ತನ್ನ ಅಜ್ಜಿ ಅಕ್ಕುವಿನ ಬಗ್ಗೆ ಮಾತಾಡಿದಳು. ಅಕ್ಕು ಮೀನಿನ ಬುಟ್ಟಿ ಹೊತ್ತು ಫೆರಿ ದಾಟಿ ಪೇಟೆಯಲ್ಲಿ ಮಾರುವವಳು. "ನನ್ನ ಅಜ್ಜಿಗೆ ನೀರೆಂದರೆ ಹೆದರಿಕೆ. ಫೆರಿಯಲ್ಲಿ ದಡ ಬರುವವರೆಗೆ ಕಣ್ಣು ಬಿಡುವುದಿಲ್ಲ. ಆದರೂ ದಿನಾ ಹೋಗ್ತಾರೆ" ಅಂದಳು. ಆಮೇಲೆ ಕೈಯೆತ್ತಿ, "ಈಗ ಎಲ್ಲರೂ ಎದ್ದು ನಿಲ್ಲಿ, ಗ್ಲಾಸ್ ಎತ್ತಿ! ನನ್ನ ಅಜ್ಜಿಗೆ ಹಿಪ್ ಹಿಪ್..." ಮಕ್ಕಳೆಲ್ಲ ಬಾಟಲಿ ಎತ್ತಿ ಹುರ್ರೇ! ಮುಖ್ಯ ಅತಿಥಿಗಳೂ ಎಳನೀರು ಹಿಡಿದು ಅರ್ಧ ಎದ್ದಿದ್ದರು ಮಾರಾಯ್ತಿ.

ವೀಡಿಯೋ ಅಲ್ಲಿಗೆ ಮುಗಿಯುತ್ತದೆ. ನನಗೆ ಮುಗಿಯಲಿಲ್ಲ. ನನ್ನನ್ನು ಇಟ್ಟುಕೊಳ್ಳುವುದೋ ಬಿಡುವುದೋ ಅಂತ ಮೀಟಿಂಗ್ ಆಯಿತು. ಶಾಲಾ ಸಮಿತಿಯ ಅಂಗಾರ ಎದ್ದು, "ಗ್ರೆಗರಿ ಪೊರ್ಬುಗಳೇ, ನಮ್ಮಲ್ಲಿ ಕುಡಿಯುವವರು ಕಡಿಮೆ ಉಂಟಾ? ನಿಮ್ಮ ಮದುವೆ ಕ್ರಮ ಮಕ್ಕಳಿಗೆ ಎಂತಕ್ಕೆ?" ಅಂದ. ಅವನ ಮಾತಿನಲ್ಲಿ ನ್ಯಾಯ ಉಂಟು, ನಾನು ಒಪ್ಪಿದೆ. ಅಷ್ಟರಲ್ಲಿ ಹಿಂದಿನಿಂದ ಅಕ್ಕು, "ಅಂಗಾರ, ನೀನು ಕುಡಿದು ಬಿದ್ದಾಗೆಲ್ಲ ಎತ್ತಲಿಕ್ಕೆ ಊರೇ ಏಳ್ತದೆ. ನನಗೆ ಅಂತ ಜನ ಎದ್ದದ್ದು ಇದೇ ಮೊದಲು. ಇವರನ್ನು ಕಳಿಸಿದರೆ ನಿನ್ನ ಮನೆ ಬಾಗಿಲಿಗೆ ನನ್ನ ಬುಟ್ಟಿ ಇಳಿಯುವುದಿಲ್ಲ, ಹೇಳಿದ್ದೇನೆ!" ಅಂದಳು. ಅಂಗಾರನೇ ಮೊದಲು ನಕ್ಕ. ಬಾಟಲಿ ಎತ್ತುವುದು ಬೇಡ, ಎದ್ದು ನಿಲ್ಲುವುದು ಇರಲಿ ಅಂತ ತೀರ್ಮಾನ ಆಯಿತು.

ಹಾಗಾಗಿ ಸೋಮವಾರ ಪುನಃ ಫೆರಿ ಹತ್ತುತ್ತೇನೆ. ನಗುವವರು ನಗಲಿ. ಮೋಕ್ಷಾಳನ್ನು ತಾಲೂಕು ಸ್ಪರ್ಧೆಗೆ ತಯಾರು ಮಾಡಲಿಕ್ಕುಂಟು. ಮೈಕ್ ಕಂಡು ಇನ್ನೂ ಓಡುವವರು ತುಂಬ ಮಂದಿ ಇದ್ದಾರೆ, ಅವರನ್ನೂ ಬಿಡುವವನಲ್ಲ. ಈ ಒಂದು ವಿಷಯದಲ್ಲಿ ನಿನ್ನ ಮಾತು ಕೇಳಲಾರೆ ಮಗಾ.

ಬಿಕರ್ನಕಟ್ಟೆ ಚರ್ಚಿಗೆ ಹೋಗಿ ನಿಮ್ಮಿಬ್ಬರ ಹೆಸರಿನಲ್ಲಿ ಕ್ಯಾಂಡಲ್ ಹಚ್ಚಿ ಬಂದೆ. ಹೊತ್ತಿಗೆ ಸರಿಯಾಗಿ ಊಟ ಮಾಡು. ದೇವ್ ಬರೆಂ ಕರುಂ, ದೇವರು ಒಳ್ಳೆಯದು ಮಾಡಲಿ.

ನಿನ್ನ ಡ್ಯಾಡಿ,
ಗ್ರೆಗರಿ

ತಾ.ಕ.: ನಿನ್ನ ಮದುವೆಗೆ ಮೈಕ್ ಹಿಡಿಯಲಿಕ್ಕೆ ಇಂಗ್ಲಿಷ್ ಎಂಸಿ ಬೇಕು ಅಂತ ನೀನು ಬೇರೆಯವನನ್ನು ಗೊತ್ತುಮಾಡಿದಾಗ ನಾನು ಏನೂ ಹೇಳಲಿಲ್ಲ. ಹುಡುಗ ಒಳ್ಳೆಯದೇ ಮಾತಾಡಿದ. ಮರ್ವಿನ್‌ನ ಬೈಕಿನ ಬಗ್ಗೆಯೂ ಜೋಕ್ ಹೇಳಿದ. ನಿನ್ನ ಮಮ್ಮಿ ಆಸ್ಪತ್ರೆ ಮಂಚದಲ್ಲಿ ಕೂತು ನಿನ್ನ ಗೌನಿಗೆ ಮುತ್ತು ಹೊಲಿದವಳು, ಮದುವೆ ನೋಡದೇ ಹೋದಳು. ಅಷ್ಟು ದೊಡ್ಡ ಹಾಲ್‌ನಲ್ಲಿ ನೆಲ್ಲಿ ಅಂತ ಅವಳ ಹೆಸರು ಯಾರ ಬಾಯಲ್ಲೂ ಬರಲಿಲ್ಲ. ಮೈಕ್ ಸಿಕ್ಕಿದ್ದರೆ ನನಗೆ ಎರಡು ನಿಮಿಷ ಸಾಕಿತ್ತು.